ಒಂದೇ ಮನೆಯ ನಾಲ್ಕು ಬೆಲ್ಟುಗಳು

ಅರಸೀಕೆರೆ ಸೀಮೆಯ ಒಂದು ಹಳ್ಳಿ. ಆ ಹಳ್ಳಿಯ ಒಂದು ಮನೆಯಲ್ಲಿ, ನಡುಮನೆಯ ಗೋಡೆಗೆ ಬಡಿದ ದೊಡ್ಡ ಮೊಳೆಯೊಂದರಲ್ಲಿ ಮನೆಯ ಗಂಡಸರ ಬೆಲ್ಟುಗಳೆಲ್ಲ ತೂಗುತ್ತಿದ್ದವು. ತಾತನದನ್ನು ಬೆಲ್ಟು ಎನ್ನಲಾಗದು. ತೆಂಗಿನ ಮರ ಹತ್ತುವಾಗ ಪಂಚೆಯ ಮೇಲೆ ಬಿಗಿದು, ಹಿಂಬದಿಗೆ ಮಚ್ಚು ಸಿಕ್ಕಿಸಿಕೊಳ್ಳುತ್ತಿದ್ದ ಹಗ್ಗ ಅದು. ಅಪ್ಪ ಲೈನ್‌ಮನ್. ಅವರದು ವಿದ್ಯುತ್ ಕಂಬದ ಮೇಲೆ ಸೊಂಟಕ್ಕೆ ಕಟ್ಟಿಕೊಳ್ಳುವ ಅಂಗೈ ಅಗಲದ ಪಟ್ಟಿ. ಹಿರಿಯ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ಊರಿಗೆ ಬಂದಾಗ ತನ್ನ ತೆಳ್ಳನೆಯ ಕಪ್ಪು ಬೆಲ್ಟನ್ನು ಬಿಚ್ಚಿ ಅದೇ ಮೊಳೆಗೆ ಹಾಕುತ್ತಿದ್ದ. ಕಿರಿಯವನದು ನಾಲ್ಕನೆಯದು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸ ಸಿಕ್ಕಾಗ ಅಪ್ಪನೇ ಪೇಟೆಗೆ ಕರೆದೊಯ್ದು ಕೊಡಿಸಿದ, ಕನ್ನಡಿಯಂತೆ ಹೊಳೆಯುವ ಉಕ್ಕಿನ ಬಕಲಿನ ಬೆಲ್ಟು.

ಆ ಬೆಲ್ಟಿನಿಂದಲೇ ಈ ಕಥೆ ಶುರುವಾಗುತ್ತದೆ.

2018ರಲ್ಲಿ ಕಿರಿಯವನು ಬೆಂಗಳೂರಿನ ಹೊರವಲಯದ ಕಾರು ತಯಾರಿಸುವ ಕಾರ್ಖಾನೆಯೊಂದಕ್ಕೆ ತರಬೇತಿಗೆ ಸೇರಿದ. ಮೊದಲ ದಿನ ಇಸ್ತ್ರಿ ಮಾಡಿದ ಪ್ಯಾಂಟು, ಅದರೊಳಗೆ ಸೇರಿಸಿದ ಅಂಗಿ, ಅದರ ಮೇಲೆ ಅಪ್ಪ ಕೊಡಿಸಿದ ಬೆಲ್ಟು. ಗೇಟು ದಾಟಿ ಒಳಗೆ ಹೋಗುತ್ತಿದ್ದಂತೆ ಮೇಲ್ವಿಚಾರಕರು ಅವನ ಸೊಂಟದ ಕಡೆ ನೋಡಿ, 'ಇದನ್ನ ಬಿಚ್ಚಿ ಲಾಕರ್‌ನಲ್ಲಿಡಿ' ಎಂದರಂತೆ. ಇಪ್ಪತ್ತು ಜನರ ಎದುರು ಬೆಲ್ಟು ಬಿಚ್ಚುವುದೆಂದರೆ ಹತ್ತೊಂಬತ್ತು ವರ್ಷದ ಹುಡುಗನಿಗೆ ಸಣ್ಣ ಮಾತಲ್ಲ. ಹಳ್ಳಿಯಿಂದ ಬಂದವನೆಂದು ಹೀಗೆ ಮಾಡಿದರೋ, ಬೆಲ್ಟು ಅಗ್ಗದ್ದೆಂದು ಮಾಡಿದರೋ ಎಂದು ರಾತ್ರಿಯೆಲ್ಲ ಹಾಸಿಗೆಯಲ್ಲಿ ಹೊರಳಾಡಿದ. ಮನೆಗೆ ಫೋನು ಮಾಡಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: 'ಬೆಲ್ಟ್ ಸರಿಯಾಗಿತ್ತೇನ್ಲಾ ಮಗ?' 'ಹೂಂ ಅಪ್ಪ, ಎಲ್ರೂ ನೋಡಿದ್ರು' ಎಂದ. ಅದು ಸುಳ್ಳೇನೂ ಆಗಿರಲಿಲ್ಲ.

ಮರುದಿನ ಸುರಕ್ಷತೆಯ ಪಾಠದಲ್ಲಿ ಗುಟ್ಟು ಬಯಲಾಯಿತು. ಪಾಠ ಮಾಡುವವರು ಗುಜರಿಗೆ ಹೋಗಲಿದ್ದ ಕಾರಿನ ಬಾಗಿಲೊಂದನ್ನು ಮೇಜಿನ ಮೇಲಿಟ್ಟು, ಒಂದು ಬಕಲನ್ನು ಅದಕ್ಕೆ ತಾಗಿಸಿ ಒಮ್ಮೆ ಸುಮ್ಮನೆ ಎಳೆದರು. ಬಣ್ಣದ ಮೇಲೆ ಬೆಳ್ಳನೆಯ ಗೀರು. ಕಾರಿನ ಬಣ್ಣಕ್ಕೆ ಹೊಳಪು ಕೊಡುವ ಹೊರಪದರ ಒಂದು ತಲೆಕೂದಲಿನಷ್ಟೂ ದಪ್ಪವಿರುವುದಿಲ್ಲ. ಉಕ್ಕು ಅದಕ್ಕಿಂತ ಎಷ್ಟೋ ಗಟ್ಟಿ. ಗಟ್ಟಿಯಾದ ವಸ್ತು ಮೆತ್ತನೆಯದನ್ನು ಗೀರುತ್ತದೆ ಎನ್ನುವುದು ಹೈಸ್ಕೂಲಿನ ಪಾಠ. ಬಾನೆಟ್ಟಿನ ಮೇಲೆ ಬಗ್ಗಿ ಕೆಲಸ ಮಾಡುವವನ ಸೊಂಟದಲ್ಲಿ ಉಕ್ಕಿನ ಬಕಲಿದ್ದರೆ ಬಗ್ಗಿದ ಪ್ರತಿ ಸಲವೂ ಒಂದು ಗೀರು ಬಿದ್ದಂತೆಯೇ. ಹಾಗಾಗಿ ಇಂಥ ಕಡೆ ಬಕಲಿಗೆ ಬಟ್ಟೆಯ ಮುಸುಕು ಹಾಕಬೇಕು, ಇಲ್ಲವೇ ಬೆಲ್ಟನ್ನೇ ಬಿಡಬೇಕು. ಅಂಗಿಯ ಗುಂಡಿಗಳು ಕೂಡ ಪಟ್ಟಿಯೊಳಗೆ ಅಡಗಿರುತ್ತವೆ. ಬೆಲ್ಟು ಅಗ್ಗದ್ದೋ ದುಬಾರಿಯದೋ ಎಂದು ಅಲ್ಲಿ ಯಾರೂ ನೋಡಿರಲಿಲ್ಲ. ಹುಡುಗನ ಅವಮಾನ ಅರ್ಧ ಗಂಟೆಯಲ್ಲಿ ಇಳಿಯಿತು. ಅದರ ಜಾಗದಲ್ಲಿ ಒಂದು ಕುತೂಹಲ ಹುಟ್ಟಿತು: ಹಾಗಾದರೆ ಬೇರೆ ಬೇರೆ ಕೆಲಸದವರ ಬೆಲ್ಟಿಗೂ ಒಂದೊಂದು ಕಾರಣ ಇರಬೇಕಲ್ಲ?

ಇದೆ, ಎಲ್ಲೆಡೆ ಅಲ್ಲದಿದ್ದರೂ ಹಲವು ಕಡೆ. ಆಸ್ಪತ್ರೆಯಲ್ಲಿ ಎಂ.ಆರ್.ಐ. ಯಂತ್ರದ ಕೋಣೆಗೆ ಹೋಗುವ ಮುನ್ನ ವೈದ್ಯರಿರಲಿ, ರೋಗಿಯಿರಲಿ, ಜೊತೆಗೆ ಬಂದವರಿರಲಿ, ಎಲ್ಲರೂ ಬೆಲ್ಟು ಬಿಚ್ಚಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು ಮೂವತ್ತು ಸಾವಿರ ಪಟ್ಟು ಪ್ರಬಲ. ಉಕ್ಕಿನ ಬಕಲು ಅದರ ಹತ್ತಿರ ಸುಮ್ಮನಿರುವುದಿಲ್ಲ. ಗ್ಯಾರೇಜಿನ ಅನುಭವಸ್ಥರು ಬ್ಯಾಟರಿಯ ಮೇಲೆ ಬಗ್ಗುವ ಮುನ್ನ ಕೈಗಡಿಯಾರ, ಉಂಗುರಗಳನ್ನು ತೆಗೆದಿಡುತ್ತಾರೆ. ಹನ್ನೆರಡು ವೋಲ್ಟು ಶಾಕ್ ಹೊಡೆಯದು, ನಿಜ. ಆದರೆ ಬ್ಯಾಟರಿಯ ಎರಡು ತುದಿಗಳ ನಡುವೆ ಲೋಹ ಸಿಕ್ಕಿಕೊಂಡರೆ ಹರಿಯುವ ಕರೆಂಟು ಅದನ್ನು ಕೆಂಪಗೆ ಕಾಯಿಸಬಲ್ಲದು. ಉಂಗುರಕ್ಕೆ ಅನ್ವಯಿಸುವ ಮಾತು ಬಕಲಿಗೂ ಅನ್ವಯಿಸುತ್ತದೆ.

ಇವೆಲ್ಲ ಕಾರಣವಿರುವ ನಿಯಮಗಳಾದವು. ಇನ್ನು ಹಿರಿಯ ಮಗನ ಕಪ್ಪು ಬೆಲ್ಟಿನದು ಬೇರೆಯೇ ಕಥೆ.

ಅವನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ, 2012ರಲ್ಲಿ, ಕಾಲೇಜಿಗೆ ಕಂಪನಿಯವರು ಸಂದರ್ಶನಕ್ಕೆ ಬಂದರು. ಹಿಂದಿನ ಸಂಜೆ ಕಾಲೇಜಿನವರು ಹುಡುಗರನ್ನು ಸಾಲಾಗಿ ನಿಲ್ಲಿಸಿ ಉಡುಪಿನ ಪಾಠ ಹೇಳಿದರು. ಕಪ್ಪು ಬೂಟಿಗೆ ಕಪ್ಪು ಬೆಲ್ಟು, ಕಂದು ಬೂಟಿಗೆ ಕಂದು ಬೆಲ್ಟು. ಬಕಲು ಚಿಕ್ಕದಿರಬೇಕು, ಅದರ ಮೇಲೆ ಹದ್ದು, ಸಿಂಹ, ತಲೆಬುರುಡೆ ಯಾವುದೂ ಕೂಡದು. ಹಾಸ್ಟೆಲಿನ ಅವನ ಸಾಲಿನ ಎಂಟು ಹುಡುಗರಲ್ಲಿ ಕಪ್ಪು ಬೆಲ್ಟು ಇದ್ದದ್ದು ಒಬ್ಬನಿಗೆ ಮಾತ್ರ. ಮರುದಿನ ಆ ಒಂದೇ ಬೆಲ್ಟು ಎಂಟು ಸೊಂಟಗಳನ್ನು ಸುತ್ತಿತು. ಒಳಗಿಂದ ಬಂದವನು ಬಾಗಿಲ ಹೊರಗೆ ಬಿಚ್ಚಿ ಮುಂದಿನವನಿಗೆ ಕೊಡುವುದು, ಅವನು ಓಡುತ್ತಲೇ ತೂರಿಸಿಕೊಳ್ಳುವುದು. ತೆಳ್ಳಗಿನವನೊಬ್ಬನಿಗಾಗಿ ದಿವ್ಯಾಯುಧದಂತೆ ಕೈವಾರವನ್ನೇ ಹಿಡಿದು ಹೊಸ ತೂತು ಕೊರೆದರು. ಎಂಟರಲ್ಲಿ ಮೂವರಿಗೆ ಕೆಲಸವಾಯಿತು. ಅದರಲ್ಲಿ ಬೆಲ್ಟಿನ ಪಾಲೆಷ್ಟು ಎಂದು ಯಾರು ಹೇಳಬಲ್ಲರು?

ಕಂದು ಬೆಲ್ಟಿನಿಂದ ಪ್ಯಾಂಟು ಜಾರುವುದಿಲ್ಲ; ಕಪ್ಪಿನಿಂದ ಬುದ್ಧಿ ಹೆಚ್ಚುವುದೂ ಇಲ್ಲ. ಇದು ಬರೀ ರೂಢಿ. ಆದರೆ ರೂಢಿಗೂ ಬಲವಿದೆ, ಕೆಲವು ಸಲ ಕ್ರೂರವಾದ ಬಲ. ಬ್ರಿಟನ್ನಿನ ಸೋಷಿಯಲ್ ಮೊಬಿಲಿಟಿ ಕಮಿಷನ್ ಎಂಬ ಸರ್ಕಾರಿ ಸಂಸ್ಥೆ 2016ರಲ್ಲಿ ಒಂದು ವರದಿ ಹೊರಡಿಸಿತು. ಲಂಡನ್ನಿನ ಹೂಡಿಕೆ ಬ್ಯಾಂಕುಗಳಲ್ಲಿ ಸೂಟಿನ ಕೆಳಗೆ ಕಂದು ಬೂಟು ಹಾಕಿ ಬಂದ ಹುಡುಗರ ಬಗ್ಗೆ ಕೆಲವು ಅಧಿಕಾರಿಗಳು ಮನಸ್ಸಿನಲ್ಲೇ 'ಇವನು ನಮ್ಮವನಲ್ಲ' ಎಂದು ತೀರ್ಮಾನಿಸಿಬಿಡುತ್ತಾರೆ ಎನ್ನುವ ಸಂಗತಿ ಅದರಲ್ಲಿತ್ತು. ಅಲ್ಲಿ ಕಂದು ಬಣ್ಣ ಹಳ್ಳಿಯ, ಬೇಟೆಯ, ಬಿಡುವಿನ ದಿನದ ಬಣ್ಣ. ನಗರದ ವ್ಯವಹಾರಕ್ಕೆ ಕಪ್ಪೇ ಎನ್ನುವುದು ಹಳೆಯ ಕಟ್ಟುಪಾಡು. ಅಂಥ ಮನೆಗಳಲ್ಲಿ ಹುಟ್ಟಿದವರಿಗೆ ಇದು ತಾಯಿಯ ಹಾಲಿನೊಂದಿಗೇ ಗೊತ್ತಿರುತ್ತದೆ. ಬಡವರ ಮಗನಿಗೆ ಹೇಳುವವರು ಯಾರು? ಲೆಕ್ಕದಲ್ಲಿ ಎಷ್ಟೇ ಜಾಣನಾದರೂ ಬೂಟು-ಬೆಲ್ಟಿನ ಪ್ರಶ್ನೆಪತ್ರಿಕೆಯಲ್ಲಿ ಅವನು ನಪಾಸು. ಆ ಪತ್ರಿಕೆಯೊಂದು ಇದೆಯೆಂಬುದೇ ಅವನಿಗೆ ತಿಳಿದಿರುವುದಿಲ್ಲ.

ಅದೇ ಲಂಡನ್ನಿನವನು ಅಮೆರಿಕದ ಟೆಕ್ಸಾಸಿಗೆ ಹೋದರೆ ಅವನೇ ತಬ್ಬಿಬ್ಬಾಗಬೇಕು. ಅಲ್ಲಿನ ದನಗಾಹಿಗಳ ಸ್ಪರ್ಧೆಯಾದ ರೋಡಿಯೊದಲ್ಲಿ ಗೆದ್ದವರಿಗೆ ಕೊಡುವ ಬಹುಮಾನವೇ ತಟ್ಟೆಯಷ್ಟು ದೊಡ್ಡ ಬಕಲು. ಅದನ್ನು ಧರಿಸುವುದು ಗೌರವ, ಮುಚ್ಚಿಡುವುದು ಸಂಕೋಚ. ನಮ್ಮ ಕರಾವಳಿಯಲ್ಲೂ ಮಲಬಾರಿನಲ್ಲೂ ಲುಂಗಿಯ ಮೇಲೆ ಹಣದ ಜೇಬಿರುವ ಅಗಲ ಬೆಲ್ಟು ಕಟ್ಟಿದ ವ್ಯಾಪಾರಿಗಳನ್ನು ಕಾಣುತ್ತೇವೆ. ಅದು ಬೆಲ್ಟೂ ಹೌದು, ಗಲ್ಲಾಪೆಟ್ಟಿಗೆಯೂ ಹೌದು. ಕೊಡವರು ಮದುವೆಯಂಥ ಸಮಾರಂಭಗಳಲ್ಲಿ ಕುಪ್ಯದ ಮೇಲೆ ಸುತ್ತುವ ರೇಷ್ಮೆಯ ಚೇಲೆಗೆ ಬಕಲೇ ಇಲ್ಲ. ಪೀಚೆಕತ್ತಿಯನ್ನು ಸಿಕ್ಕಿಸುವ ಜಾಗ ಅದು. ಕೋರ್ಟಿನ ಕರಿಕೋಟಿನ ಗಾಂಭೀರ್ಯ ಎಲ್ಲರಿಗೂ ಗೊತ್ತು, ಆದರೆ ವಕೀಲರ ಉಡುಪಿನ ನಿಯಮಗಳಲ್ಲಿ ಪ್ಯಾಂಟಿನ ಜೊತೆಗೆ ಧೋತ್ರಕ್ಕೂ ಅವಕಾಶವಿದೆ ಎಂದರೆ ಅನೇಕರು ನಂಬುವುದಿಲ್ಲ. ಧೋತ್ರಕ್ಕೆ ಬೆಲ್ಟೇಕೆ?

ಇಷ್ಟಕ್ಕೂ ಪ್ಯಾಂಟಿಗೆ ಬೆಲ್ಟು ಕಡ್ಡಾಯ ಎನ್ನುವುದೇ ಸುಮಾರು ನೂರು ವರ್ಷದ ಮಾತು. ಅದಕ್ಕೂ ಮುಂಚೆ ಪಾಶ್ಚಾತ್ಯರ ಪ್ಯಾಂಟುಗಳು ಹೆಚ್ಚಾಗಿ ಸಸ್ಪೆಂಡರ್ ಎಂಬ ಹೆಗಲಪಟ್ಟಿಯಿಂದ ತೂಗುತ್ತಿದ್ದವು. ಕೂಲಿಕಾರರ ಉಡುಪಾಗಿದ್ದ ಲಿವೈಸ್ ಜೀನ್ಸಿಗೆ ಬೆಲ್ಟು ತೂರಿಸುವ ಲೂಪುಗಳು ಬಂದದ್ದು 1922ರಲ್ಲಿ. ಇಂದು 'ಬೆಲ್ಟಿಲ್ಲದೆ ಬಂದೆಯಾ' ಎಂದು ಗದರಿಸುವವರ ಮುತ್ತಾತಂದಿರು ಬೆಲ್ಟನ್ನು ಕಂಡವರೇ ಅಲ್ಲ.

ಕೆಲವು ರೂಢಿಗಳ ಬೇರು ಹುಡುಕಿದರೆ ಅಲ್ಲೊಂದು ನಿಜವಾದ ಅಗತ್ಯವೂ ಸಿಗುತ್ತದೆ. ಸೈನ್ಯದ, ಪೊಲೀಸರ ಕವಾಯತುಗಳಲ್ಲಿ ಅಧಿಕಾರಿಗಳ ಸೊಂಟದಿಂದ ಹೆಗಲಿಗೆ ಓರೆಯಾಗಿ ಹಾದುಹೋಗುವ ಚರ್ಮದ ಪಟ್ಟಿಯನ್ನು ನೋಡಿದ್ದೀರಲ್ಲವೇ? ಅದರ ಹೆಸರು ಸ್ಯಾಮ್ ಬ್ರೌನ್ ಬೆಲ್ಟು. ಸ್ಯಾಮ್ ಬ್ರೌನ್ 1824ರಲ್ಲಿ ಬಂಗಾಳದ ಬ್ಯಾರಕ್‌ಪುರದಲ್ಲಿ ಹುಟ್ಟಿದ ಬ್ರಿಟಿಷ್ ಅಧಿಕಾರಿ. 1858ರ ಕಾಳಗವೊಂದರಲ್ಲಿ ಅವನ ಎಡಗೈ ಹೋಯಿತು. ಅಂದಿನ ಅಧಿಕಾರಿಗಳ ಕತ್ತಿಯ ಒರೆ ಸೊಂಟದಿಂದ ಸಡಿಲವಾಗಿ ಜೋತಾಡುತ್ತಿತ್ತು. ಎಡಗೈಯಲ್ಲಿ ಒರೆಯನ್ನು ಹಿಡಿದು ಬಲಗೈಯಲ್ಲಿ ಕತ್ತಿ ಹಿರಿಯಬೇಕು. ಒಂಟಿಗೈಯವನು ಏನು ಮಾಡಬೇಕು? ಹೆಗಲ ಮೇಲೊಂದು ಪಟ್ಟಿ ಹಾಯಿಸಿ, ಒರೆ ಅಲ್ಲಾಡದಂತೆ ಬಿಗಿದುಕೊಂಡ. ಕೈ ಇಲ್ಲದವನ ಉಪಾಯವನ್ನು ಎರಡೂ ಕೈಗಳಿದ್ದವರು ಮೆಚ್ಚಿ ಅನುಸರಿಸಿದರು. ಕ್ರಮೇಣ ಕತ್ತಿ ಕಟ್ಟುವ ಕಾಲ ಮುಗಿಯಿತು, ಪಟ್ಟಿ ಮಾತ್ರ ದರ್ಜೆಯ ಗುರುತಾಗಿ ಉಳಿಯಿತು.

ರೂಢಿಗಳು ಸಡಿಲವಾಗುವುದೂ ಉಂಟು. ಇನ್ಫೋಸಿಸ್ ಸಂಸ್ಥೆ 2015ರ ಜೂನ್‌ನಲ್ಲಿ ಉಡುಪಿನ ನಿಯಮವನ್ನು ಸಡಿಲಿಸಿ, ವಾರದ ಎಲ್ಲ ದಿನವೂ ಸರಳ ಉಡುಪಿನಲ್ಲಿ ಬರಲು ನೌಕರರಿಗೆ ಅವಕಾಶ ಕೊಟ್ಟಿತು. ಆದರೂ ಸಂದರ್ಶನದ ದಿನಕ್ಕೆ ಕಪ್ಪು ಬೆಲ್ಟು ತಪ್ಪಿಲ್ಲ. ಮಗನಿಗೆ ಅಂಥದೊಂದನ್ನು ಕೊಳ್ಳಬೇಕಾದ ತಂದೆತಾಯಿಗಳು ಬಕಲಿನ ಹೊಳಪು ನೋಡಿ ಮರುಳಾಗಬಾರದು. ಒಂದೂಕಾಲು ಇಂಚು ಅಗಲದ್ದು ಸಾಕು; ಒಂದೂವರೆ ಇಂಚಿನದು ಜೀನ್ಸಿಗೆ ಹೊಂದೀತು. ಐದು ತೂತುಗಳಿದ್ದರೆ ನಡುವಿನ ತೂತಿಗೆ ಸರಿಹೋಗಬೇಕು. ಪ್ಯಾಂಟಿನ ಅಳತೆಗಿಂತ ಎರಡು ಇಂಚು ಹೆಚ್ಚಿನದು ಸಾಮಾನ್ಯವಾಗಿ ಹಾಗೆ ಕೂರುತ್ತದೆ. ಇಷ್ಟರ ಮೇಲೆ ಬೆಲ್ಟಿಗಾಗಿ ತಲೆ ಕೆಡಿಸಿಕೊಳ್ಳುವುದು ಬೇಡ.

ಈಗ ಅಪ್ಪನ ಬೆಲ್ಟಿಗೆ ಬರೋಣ. ಮೇಲಧಿಕಾರಿಗಳು ಬರುವ ದಿನ ಲೈನ್‌ಮನ್ ಅಪ್ಪ ಖಾಕಿಯ ಮೇಲೆ ಹಾಕುವ ಚರ್ಮದ ಬೆಲ್ಟನ್ನು ಹಿಂದಿನ ರಾತ್ರಿಯೇ ಪಾಲಿಶ್ ಮಾಡಿ ಇಡುತ್ತಿದ್ದರು. ಮನೆಯವರೆಲ್ಲ ಮೆಚ್ಚುತ್ತಿದ್ದ ಶಿಸ್ತು ಅದು. ಕಂಬ ಹತ್ತಲು ಬೇರೆ ಪಟ್ಟಿ. ಅದನ್ನು ಸೊಂಟಕ್ಕೆ ಕಟ್ಟಿ, ಅದರ ಹಗ್ಗವನ್ನು ಕಂಬದ ಸುತ್ತ ಹಾಯಿಸಿ, ಹಿಂದಕ್ಕೆ ಒರಗಿ ನಿಂತರೆ ಎರಡೂ ಕೈಗಳು ಕೆಲಸಕ್ಕೆ ಸಿಗುತ್ತವೆ. 2009ರ ಮಳೆಗಾಲದಲ್ಲಿ, ಲೈನ್ ಕ್ಲಿಯರ್ ತೆಗೆದುಕೊಂಡು ಟಿಸಿ ಕಂಬದ ಮೇಲೆ ಕೆಲಸ ಮಾಡುತ್ತಿದ್ದಾಗ ಅವರ ಕಾಲು ಜಾರಿತ್ತು. ಹಗ್ಗ ಕಂಬಗುಂಟ ಜಾರಿ, ಆಳುದ್ದ ಕೆಳಗಿನ ಕಬ್ಬಿಣದ ಪಟ್ಟಿಗೆ ಸಿಕ್ಕಿಕೊಂಡು ನಿಂತಿತು. ನೆಲಕ್ಕೆ ಬೀಳಲಿಲ್ಲ. ಆದರೆ ಎರಡು ಪಕ್ಕೆಲುಬು ಮುರಿದಿದ್ದವು, ಬೆನ್ನು ಮೊದಲಿನಂತಾಗಲಿಲ್ಲ. 'ಬೆಲ್ಟೇ ನನ್ನ ಕಾಪಾಡ್ತು' ಎಂದು ಅವರು ಊರಿಗೆಲ್ಲ ಹೇಳಿಕೊಂಡು ಬಂದರು. ಪಕ್ಕೆಲುಬು ಮುರಿದದ್ದೂ ಅದೇ ಬೆಲ್ಟಿನಿಂದ ಎಂಬುದು ಯಾರಿಗೂ ಹೊಳೆಯಲಿಲ್ಲ.

2017ರಲ್ಲಿ ಕಚೇರಿಯಿಂದ ಹೊಸದೊಂದು ಬಂತು. ಹೆಗಲು, ಎದೆ, ಎರಡೂ ತೊಡೆಗಳನ್ನು ಸುತ್ತುವ ಪಟ್ಟಿಗಳ ಹಾರ್ನೆಸ್. ಅಪ್ಪ ಅದನ್ನು ಜಾಕೆಟ್ಟು ಎಂದು ಕರೆದರು, ಒಮ್ಮೆ ಹಾಕಿ ನೋಡಿದರು, ಮೊಳೆಗೆ ನೇತುಹಾಕಿದರು. ಅಲ್ಲಿ ಅದು ಮಕ್ಕಳ ಬೆಲ್ಟುಗಳ ಹಿಂದೆ ಧೂಳು ತಿನ್ನುತ್ತಿತ್ತು.

ಮರುವರ್ಷ ದೀಪಾವಳಿಗೆ ಬಂದ ಕಿರಿಯ ಮಗನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಎತ್ತರದಲ್ಲಿ ಕೆಲಸ ಮಾಡುವವರ ಪಾಠವೂ ಅವನಿಗೆ ಕಾರ್ಖಾನೆಯಲ್ಲಿ ಆಗಿತ್ತು.

'ಇದನ್ಯಾಕೆ ಹಾಕ್ಕೊಳಲ್ಲ ಅಪ್ಪ?'

'ಅದನ್ನ ಹಾಕ್ಕೊಂಡು ಬಿಗಿಯೋ ಹೊತ್ಗೆ ಕೆಲ್ಸಾನೇ ಮುಗ್ದಿರುತ್ತೆ. ಕೆಳಗೆ ನಿಂತೋರು ನಗಾಡ್ತಾರೆ, ಮೂವತ್ತು ವರ್ಷ ಕಂಬ ಹತ್ತಿದೋನಿಗೆ ಈಗ ಹೆದ್ರಿಕೆ ಬಂತಾ ಅಂತ. ಬೆಲ್ಟ್ ಕಟ್ಕೊಳ್ತೀನಲ್ಲ?'

'ಅದು ಕಂಬಕ್ಕೆ ಒರಗಿ ನಿಂತ್ಕೊಳ್ಳೋಕೆ ಇರೋದು ಅಪ್ಪ. ಬಿದ್ರೆ ಹಿಡ್ಕೊಳ್ಳೋಕಲ್ಲ.'

ಅಪ್ಪ ಒಪ್ಪಲಿಲ್ಲ. ಮಗ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದ. ವಿದ್ಯಾರ್ಥಿಗಳು ಕೂಡ ಹಾಕಿ ನೋಡಬಹುದು. ಎಪ್ಪತ್ತು ಕಿಲೋ ತೂಕದ ಮನುಷ್ಯ ಆರು ಅಡಿ, ಅಂದರೆ 1.8 ಮೀಟರ್ ಜಾರಿದನೆನ್ನಿ. ಅದಕ್ಕೆ ಬೇಕಾದ ಸಮಯ 0.6 ಸೆಕೆಂಡ್, ಅಷ್ಟರಲ್ಲಿ ವೇಗ ಗಂಟೆಗೆ ಇಪ್ಪತ್ತೊಂದು ಕಿಲೋಮೀಟರ್ ಮುಟ್ಟಿರುತ್ತದೆ. ಹಗ್ಗ ಅವನನ್ನು ಹತ್ತು ಸೆಂಟಿಮೀಟರಿನೊಳಗೆ ನಿಲ್ಲಿಸಿತು ಎಂದುಕೊಂಡರೆ ಸರಾಸರಿ ಬಲ ಸುಮಾರು 13,000 ನ್ಯೂಟನ್. ಒಂದು ಸಾವಿರದ ಮುನ್ನೂರು ಕಿಲೋ, ಹೆಚ್ಚುಕಡಿಮೆ ಒಂದು ಕಾರಿನ ತೂಕ, ಒಂದು ಕ್ಷಣ ಸೊಂಟದ ಮೇಲೆ ಕೂತಂತೆ! ಹಾರ್ನೆಸ್ಸಿನ ಹಗ್ಗದಲ್ಲಿ ಆಘಾತ ಹೀರುವ ಹೊಲಿಗೆಯ ಮಡಿಕೆಯೊಂದಿರುತ್ತದೆ. ಬಿದ್ದಾಗ ಅದರ ಹೊಲಿಗೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತಾ ಹೋಗಿ, ನಿಲ್ಲುವ ದೂರ ಒಂದು ಮೀಟರಿನಷ್ಟಾದರೆ ಸರಾಸರಿ ಬಲ ಎರಡು ಸಾವಿರ ನ್ಯೂಟನ್ ಆಸುಪಾಸಿಗೆ ಇಳಿಯುತ್ತದೆ. ಅದೂ ತೊಡೆ, ಎದೆ, ಹೆಗಲುಗಳಿಗೆ ಹಂಚಿಹೋಗುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು ಬಿದ್ದವನನ್ನು ತಡೆಯುವಾಗ ಸೊಂಟಪಟ್ಟಿಯ ಮೂಲಕ ದೇಹದ ಮೇಲೆ ಬೀಳುವ ಬಲ 4 ಕಿಲೋನ್ಯೂಟನ್ ಮೀರಬಾರದೆಂದೂ, ಹಾರ್ನೆಸ್ಸಿನಲ್ಲಾದರೆ 8ರವರೆಗೆ ಆಗಬಹುದೆಂದೂ ಗೊತ್ತುಮಾಡಿದ್ದವು. ಕೊನೆಗೆ 1998ರ ಜನವರಿ 1ರಿಂದ, ಬೀಳುವವರನ್ನು ತಡೆಯಲು ಬರೀ ಸೊಂಟಪಟ್ಟಿ ಬಳಸುವುದನ್ನೇ ಅಲ್ಲಿ ನಿಷೇಧಿಸಲಾಯಿತು; ಒರಗಿ ನಿಲ್ಲುವುದಕ್ಕಷ್ಟೇ ಅದನ್ನು ಉಳಿಸಿಕೊಂಡರು. ನಮ್ಮಲ್ಲೂ ಇಂಥ ಪಟ್ಟಿಗಳಿಗೆ ಐಎಸ್ 3521 ಎಂಬ ಭಾರತೀಯ ಮಾನಕವಿದೆ.

ಅಪ್ಪ ಲೆಕ್ಕವನ್ನು ನೋಡಿ, 'ಓದ್ದೋನು ನೀನು, ಸರಿಯೇ ಇರುತ್ತೆ ಬಿಡು' ಎಂದು ಕ್ಯಾಲೆಂಡರನ್ನು ಗೋಡೆಗೆ ತಿರುಗಿಸಿ ಹಾಕಿದರು. ಇಂಥ ಒಪ್ಪಿಗೆ ಎಷ್ಟು ಟೊಳ್ಳು ಎಂದು ಮೇಷ್ಟರುಗಳಿಗೆಲ್ಲ ಗೊತ್ತು.

ಆಗ ಮಗ ಹಜಾರದ ಮೂಲೆಯಲ್ಲಿದ್ದ ಕೊಬ್ಬರಿ ಚೀಲವೊಂದನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋದ. ಅದರ ನಡುವಿಗೆ ಅಪ್ಪನ ಪಟ್ಟಿಯನ್ನೇ ಬಿಗಿದು, ಹಗ್ಗವನ್ನು ತೊಲೆಗೆ ಕಟ್ಟಿ, ಅಟ್ಟದ ಅಂಚಿನಿಂದ ದೂಡಿದ. ಚೀಲ ಆರು ಅಡಿ ಬಿದ್ದಿರಲಾರದು, ಮೂರು ಅಡಿ ಇದ್ದೀತು. ಹಗ್ಗ ಬಿಗಿದ ಕ್ಷಣ ಚೀಲ ನಡುವಿನಲ್ಲಿ ಎರಡಾಗಿ ಮಡಚಿಕೊಂಡಿತು, ಒಂದು ಕಡೆಯ ಹೊಲಿಗೆ ಕಿತ್ತು ಕೊಬ್ಬರಿಯೆಲ್ಲ ದನದ ಕಾಲಡಿ ಚೆಲ್ಲಿತು. ಅಮ್ಮ ಕೂಗಿಕೊಂಡು ಬಂದರು. ತಾತ ಮಾತ್ರ ಮಡಚಿ ತೂಗುತ್ತಿದ್ದ ಚೀಲವನ್ನೇ ಬಹಳ ಹೊತ್ತು ನೋಡುತ್ತಾ ನಿಂತರು. ಐವತ್ತು ವರ್ಷ ಬರೀ ಸೊಂಟದ ಹಗ್ಗ, ಕಾಲಿನ ಹಗ್ಗದ ಮೇಲೆ ತೆಂಗಿನ ಮರ ಹತ್ತಿ ಇಳಿದವರು ಅವರು.

'ಇನ್ನೊಂದು ದಪ ಬೇಡ ಕಣ್ಲಾ' ಎಂದರು. ಆಮೇಲೆ ತಮ್ಮ ಮಗನ ಕಡೆ ತಿರುಗಿ, 'ನೀನು ಆ ಜಾಕೀಟು ಹಾಕ್ಕೊ. ನಗೋರ್ನ ನನ್ ಹತ್ರ ಕಳ್ಸು' ಎಂದರು.

ಅಪ್ಪ ಅಂದು ಏನೂ ಹೇಳಲಿಲ್ಲ. ಚೆಲ್ಲಿದ ಕೊಬ್ಬರಿಯನ್ನು ಮಗನ ಜೊತೆ ಕೂತು ಆಯ್ದರು. ಒಂದೆರಡು ಸಲ ಬೆನ್ನು ಮುಟ್ಟಿ ನೋಡಿಕೊಂಡರು.

ಹಬ್ಬ ಮುಗಿಸಿ ಹೊರಟ ಮಗ ತನ್ನ ಉಕ್ಕಿನ ಬಕಲಿನ ಬೆಲ್ಟನ್ನು ಮೊಳೆಯಲ್ಲೇ ಬಿಟ್ಟು ಹೋದ. ಕಾರ್ಖಾನೆಗೆ ಅದು ಹೇಗೂ ಬೇಡ. ಸಂಕ್ರಾಂತಿಗೆ ಬಂದಾಗ ಅದು ಅಲ್ಲೇ ಇತ್ತು, ತಾತನ ಹಗ್ಗವೂ ಇತ್ತು. ಜಾಕೆಟ್ಟು ಕಾಣಲಿಲ್ಲ. ಎಲ್ಲಿ ಎಂದು ಕೇಳಿದ. ಅಮ್ಮ ಒಲೆಯ ಮುಂದಿನಿಂದಲೇ, 'ಬೆಳಗ್ಗೆನೇ ಲೈನ್ ಹೋಗೈತೆ ಅಂತ ಫೋನ್ ಬಂತು. ನಿಮ್ಮಪ್ಪ ಹಾಕ್ಕೊಂಡೇ ಹೋದ್ರು' ಎಂದರು.